ಸ್ಲೈಡಿನಲ್ಲಿ ಕಂಡಿತು, ಕಾರ್ಟ್ರಿಜ್‌ನಲ್ಲಿ ಕಾಣಲಿಲ್ಲ

ಒಂದೇ ಡಬ್ಬಿಯ ಕಫ. ಸ್ಲೈಡ್ ಮಾಡಿ ನೋಡಿದರೆ ಎಎಫ್‌ಬಿ ಪಾಸಿಟಿವ್, ಅಂದರೆ ಕ್ಷಯದ ಕ್ರಿಮಿಯಂತೆ ಆಸಿಡ್‌ಗೂ ಬಣ್ಣ ಬಿಡದ ಕಡ್ಡಿಯಾಕಾರದ ಕ್ರಿಮಿಗಳಿವೆ, ಅದೂ 2+. ಅದೇ ಕಫವನ್ನು ಕಾರ್ಟ್ರಿಜ್‌ಗೆ ತುಂಬಿ, ಕ್ಷಯದ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಯಂತ್ರಕ್ಕೆ ಹಾಕಿದರೆ ‘ಎಂಟಿಬಿ ನಾಟ್ ಡಿಟೆಕ್ಟೆಡ್’, ಅಂದರೆ ಕ್ಷಯದ ಕ್ರಿಮಿ ಸಿಗಲಿಲ್ಲ. ಇಂಥ ಎರಡು ರಿಪೋರ್ಟ್ ಒಟ್ಟಿಗೆ ಬಂದಾಗ ಹೆಚ್ಚಿನವರು ತಮಗೆ ಬೇಕಾದ ಒಂದನ್ನು ನಂಬಿ ಇನ್ನೊಂದನ್ನು ಫೈಲಿನ ಅಡಿಗೆ ಸೇರಿಸಿಬಿಡುತ್ತಾರೆ. ‘ಯಂತ್ರ ಒಮ್ಮೊಮ್ಮೆ ತಪ್ಪುತ್ತದೆ’ ಎನ್ನುವವರು ಕೆಲವರು. ‘ಸ್ಲೈಡ್ ನೋಡಿದವರಿಗೆ ಕಣ್ಣು ಮಂಜಾಗಿರಬೇಕು’ ಎನ್ನುವವರು ಇನ್ನು ಕೆಲವರು. ಸ್ಲೈಡ್ ನೋಡುವವಳು ನಾನೇ ಆದ್ದರಿಂದ ಈ ಎರಡನೆಯವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಕುಮಟಾದಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿ ಅರ್ಧ ಆಯುಷ್ಯ ಕಳೆದಿದ್ದೇನೆ. ಸಕ್ಕರೆ, ಥೈರಾಯ್ಡ್, ಮೂತ್ರ ಎಲ್ಲ ಈಗ ಯಂತ್ರದ ಪಾಲು. ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಕಫದ ಸ್ಲೈಡ್ ಮಾತ್ರ ಇನ್ನೂ ಕೈಗೆಲಸ. ಡಬ್ಬಿಯಲ್ಲಿರುವ ಜೊಲ್ಲು ಬಿಟ್ಟು ಹಳದಿ ಗಟ್ಟಿ ಭಾಗವನ್ನೇ ಕಡ್ಡಿಯಲ್ಲಿ ಆರಿಸಬೇಕು. ತೆಳ್ಳಗೆ ಹಚ್ಚಿ, ಒಣಗಿಸಿ, ಕಾರ್ಬಾಲ್ ಫುಕ್ಸಿನ್ ಹೊಯ್ದು, ಅಡಿಯಿಂದ ಹಬೆ ಏಳುವಷ್ಟು ಮಾತ್ರ ಬಿಸಿ ಮಾಡಬೇಕು, ಕುದಿಯಬಾರದು. ಆಮೇಲೆ ಶೇ. 25ರ ಸಲ್ಫ್ಯೂರಿಕ್ ಆಸಿಡ್, ಕೊನೆಗೆ ಮೆಥಿಲೀನ್ ಬ್ಲೂ. ಉಳಿದದ್ದೆಲ್ಲ ನೀಲಿಯಾಗಿ, ಆಸಿಡ್‌ಗೂ ಬಣ್ಣ ಬಿಡದ ಕಡ್ಡಿಯಂಥ ಕ್ರಿಮಿಗಳು ಮಾತ್ರ ಕೆಂಪಗೆ ನಿಲ್ಲುತ್ತವೆ. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ವೃತ್ತಕ್ಕೆ ಫೀಲ್ಡ್ ಎನ್ನುತ್ತೇವೆ. ನೂರು ಫೀಲ್ಡ್‌ನಲ್ಲಿ ಹತ್ತರಿಂದ ತೊಂಬತ್ತೊಂಬತ್ತು ಕಂಡರೆ 1+. ಫೀಲ್ಡಿಗೆ ಒಂದರಿಂದ ಹತ್ತು ಕಂಡರೆ 2+.

ನಮ್ಮ ಕಡೆಯ ಕಫಕ್ಕೆ ಒಂದು ಹೆಚ್ಚಿನ ಕಷ್ಟ ಇದೆ: ಕವಳ, ಅಂದರೆ ಎಲೆಅಡಿಕೆ. ಬೆಳಿಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವ ಮೊದಲು ಬರುವ ಕಫ ಬೇಕು ಎಂದು ಎಷ್ಟು ಹೇಳಿ ಕಳಿಸಿದರೂ ಹತ್ತು ಗಂಟೆಗೆ ಬಾಯಿ ತುಂಬ ಕವಳ ಹಾಕಿಕೊಂಡು ಬಂದು ಡಬ್ಬಿಗೆ ಉಗಿದು ಹೋಗುತ್ತಾರೆ. ಮುಚ್ಚಳ ತೆಗೆದರೆ ಕೆಂಪು. ಜೊತೆಗೆ ಬಂದವರು ‘ರಕ್ತ ಬೀಳ್ತಾ ಇದೆ’ ಎಂದು ಗಾಬರಿಯಾಗುತ್ತಾರೆ; ನಾನು ಅಡಿಕೆ ಚೂರು ತೋರಿಸಿ ಸಮಾಧಾನ ಮಾಡಿ ಇನ್ನೊಂದು ಡಬ್ಬಿ ಕೊಡುತ್ತೇನೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಕೆಂಪು ಕಡ್ಡಿ ಕಂಡರೆ ಅದು ಕ್ಷಯದ್ದೇ ಎಂದು ಸ್ಲೈಡ್ ಎಲ್ಲೂ ಹೇಳುವುದಿಲ್ಲ. ಆಸಿಡ್‌ಗೆ ಬಗ್ಗದ ಮೇಣದಂಥ ಗೋಡೆ ಮೈಕೋಬ್ಯಾಕ್ಟೀರಿಯಂ ಎಂಬ ಇಡೀ ಕುಲದ ಗುಣ. ಆ ಕುಲದಲ್ಲಿ ಇನ್ನೂರರ ಆಸುಪಾಸು ಪ್ರಭೇದಗಳಿವೆ. ಕ್ಷಯದ ಗುಂಪನ್ನೂ ಕುಷ್ಠದ್ದನ್ನೂ ಬದಿಗಿಟ್ಟರೆ ಉಳಿದವಕ್ಕೆಲ್ಲ ಒಟ್ಟಾಗಿ ಎನ್‌ಟಿಎಂ ಎನ್ನುತ್ತಾರೆ. ಇವುಗಳ ವಾಸ ಮಣ್ಣಿನಲ್ಲಿ, ಹಳ್ಳದಲ್ಲಿ, ಕೆರೆಯಲ್ಲಿ, ನಲ್ಲಿಯ ಪೈಪಿನ ಒಳಮೈಗೆ ಅಂಟುವ ಲೋಳೆಯಲ್ಲಿ. ಬಹುಪಾಲು ಯಾರ ಗೊಡವೆಗೂ ಹೋಗುವುದಿಲ್ಲ. ಕೆಲವು ಮಾತ್ರ, ಕೆಲವರ ಶ್ವಾಸಕೋಶದಲ್ಲಿ ಮಾತ್ರ, ಬಿಡಾರ ಹೂಡುತ್ತವೆ. ಅನುಭವಸ್ಥರು ‘ಉದ್ದಕ್ಕಿದೆ, ಪಟ್ಟೆ ಪಟ್ಟೆಯಾಗಿದೆ, ಕನ್ಸಾಸಿಯೈ ಇರಬಹುದು’ ಎಂದು ಇಂಥ ಒಂದು ಪ್ರಭೇದದ ಹೆಸರನ್ನೆಲ್ಲ ಸ್ಲೈಡ್ ನೋಡಿಯೇ ಹೇಳುವುದುಂಟು. ನಾನು ಆ ಪಣಕ್ಕೆ ಇಳಿಯುವುದಿಲ್ಲ. ಕಡ್ಡಿಯ ಆಕಾರ ನೋಡಿ ಹೆಸರಿಡಲು ಬರುವುದಿಲ್ಲ.

ಹಾಗಾದರೆ ಆ ಎರಡು ರಿಪೋರ್ಟ್? ಸ್ಲೈಡಿನಲ್ಲಿ ಕಡ್ಡಿ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ಸಿಬಿನಾಟ್‌ಗೆ ನೂರು ಚಿಲ್ಲರೆ ಇದ್ದರೂ ಸಾಕು. ಇಷ್ಟು ಚುರುಕಿನ ಯಂತ್ರ ಕಡ್ಡಿಗಳ ರಾಶಿಯನ್ನೇ ಎದುರಿಗಿಟ್ಟಾಗ ಕ್ಷಯ ಇಲ್ಲ ಎಂದರೆ, ಅದು ಸುಮ್ಮನೆ ಹೇಳುವ ಮಾತಲ್ಲ. ಕಾರ್ಟ್ರಿಜ್ ಒಳಗೆ ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ನೋಡುವ ಕಂಟ್ರೋಲ್ ಕೂಡ ಇರುತ್ತದೆ. ಕಫದಲ್ಲಿರುವ ಏನಾದರೂ ಅಡ್ಡ ಬಂದಿದ್ದರೆ ‘ಇನ್‌ವ್ಯಾಲಿಡ್’ ಎಂದು ಬರುತ್ತಿತ್ತು. ನಮ್ಮ ಪಕ್ಕದ ಗೋವಾದಲ್ಲೇ ತಯಾರಾಗುವ ಟ್ರೂನಾಟ್ ಎಂಬ ಇಂಥದ್ದೇ ಯಂತ್ರಕ್ಕೂ ಇದೇ ಲೆಕ್ಕ. ಆಸಿಡ್‌ಗೆ ಬಗ್ಗದ ಕಡ್ಡಿ ಇದೆ ಎನ್ನುತ್ತದೆ ಸ್ಲೈಡ್. ಅದು ಕ್ಷಯದ್ದಲ್ಲ ಎನ್ನುತ್ತದೆ ಯಂತ್ರ. ಇಬ್ಬರ ಮಾತೂ ನಿಜ, ಒಟ್ಟಿಗೆ ಓದಿಕೊಳ್ಳಬೇಕು.

ಈ ಜೋಡಿ ರಿಪೋರ್ಟ್ ನಮ್ಮ ಅಕ್ಕನದು. ಅವಳ ಮನೆ ಶಿರಸಿಯಿಂದ ಒಳಗೆ, ಬಸ್ ಇಳಿದು ನಡೆಯಬೇಕಾದ ಊರು. ತೋಟ, ಮೇಲುಗಡೆ ಸೊಪ್ಪಿನ ಬೆಟ್ಟ, ಕೊಟ್ಟಿಗೆ, ಗೊಬ್ಬರಗುಂಡಿ. ವಯಸ್ಸು ಅರವತ್ತು ದಾಟಿದೆ. ಮೊದಲಿನಿಂದಲೂ ಸಣ್ಣ ಜೀವ, ಎತ್ತರ, ತುಸು ಬಾಗಿದ ಬೆನ್ನು. ಬೀಡಿ ಹೊಗೆ ಮನೆಯಲ್ಲಿ ಯಾರದ್ದೂ ಇಲ್ಲ. ಹಿಂದೆ ಟಿಬಿ ಆದದ್ದೂ ಇಲ್ಲ. ಕೆಮ್ಮು ಎರಡು ಮೂರು ಮಳೆಗಾಲದಿಂದ ಇತ್ತು. ಅಡಿಕೆ ಸುಲಿಯುವ ಕಾಲಕ್ಕೆ ಹೆಚ್ಚು, ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ ಎಂದು ಎಲ್ಲರೂ ‘ದೂಳಿನ ಅಲರ್ಜಿ’ ಎಂದುಕೊಂಡಿದ್ದರು. ಸಿರಪ್ ಆಯಿತು, ಇನ್‌ಹೇಲರ್ ಆಯಿತು, ಕೆಮ್ಮು ಜೋರಾದಾಗಲೆಲ್ಲ ಅಜಿತ್ರೋಮೈಸಿನ್ ಮೂರು ದಿನ, ಐದು ದಿನ. ಈ ಅಜಿತ್ರೋಮೈಸಿನ್ ಬಗ್ಗೆ ಆಮೇಲೆ ಬರೆಯುತ್ತೇನೆ, ಬಿಡುವುದಿಲ್ಲ.

ಒಂದು ಕಡೆ ಎಕ್ಸ್‌ರೇಯಲ್ಲಿ ನೆರಳು ಕಂಡು ಕಫ ನೋಡಿದರು, ಸ್ಲೈಡ್ ಪಾಸಿಟಿವ್ ಬಂತು, ಅವತ್ತೇ ಟಿಬಿ ಮಾತ್ರೆ ಶುರುವಾಯಿತು. ಕಾರ್ಟ್ರಿಜ್ ಟೆಸ್ಟ್ ಆಗಲಿಲ್ಲ. ಸರ್ಕಾರದ ಟಿಬಿ ರೋಗಿಗಳ ಪಟ್ಟಿಯಾದ ನಿಕ್ಷಯ್‌ನಲ್ಲಿ ಹೆಸರು ಸೇರಿತು, ಆಶಾ ಕಾರ್ಯಕರ್ತೆ ಮನೆಗೆ ಬಂದು ಹೋಗತೊಡಗಿದರು. ಅವರ ತಪ್ಪೇನೂ ಇಲ್ಲ, ಪಾಪ, ಅವರ ಕೆಲಸ. ಆದರೆ ಊರಿಗೆ ಅಷ್ಟೇ ಸಾಕಾಯಿತು. ಅಕ್ಕನ ತಟ್ಟೆ, ಲೋಟ ಬೇರೆಯಾದವು. ಮೊಮ್ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಅವಳ ಅತ್ತೆಗೆ ಎಂಬತ್ತೈದು. ಅವರ ಕಾಲದ ಕ್ಷಯವೆಂದರೆ ಮನೆಯ ಹೊರಗಿನ ಕೋಣೆ, ಮತ್ತೆ ಬಾರದ ಜನ. ಎರಡು ತಿಂಗಳು ಮಾತ್ರೆ ನುಂಗಿಯೂ ಕೆಮ್ಮು ಹಾಗೇ, ಸ್ಲೈಡ್ ಹಾಗೇ, ತೂಕ 41 ಕಿಲೋಗೆ ಇಳಿಯಿತು. ‘ಔಷಧಕ್ಕೆ ಬಗ್ಗದ ಟಿಬಿ ಇರಬಹುದು’ ಎಂಬ ಮಾತು ಬಂದಾಗ ಸಿಬಿನಾಟ್ ಮಾಡಿಸಿದರು. ನಾಟ್ ಡಿಟೆಕ್ಟೆಡ್. ಆಗ ಭಾವ ದೇವಿಮನೆ ಘಟ್ಟ ಇಳಿಸಿ ಅಕ್ಕನನ್ನೂ ಫೈಲನ್ನೂ ಕುಮಟಾಕ್ಕೆ ಕರೆತಂದರು.

ನನ್ನ ಸ್ಲೈಡ್‌ನಲ್ಲೂ 2+ ಬಂತು. ಅಕ್ಕನಿಗೆ ಹೇಳಿದ್ದು ಇಷ್ಟೇ: ಇದು ಕ್ಷಯ ಇರಲಿಕ್ಕಿಲ್ಲ, ಹೆಸರು ಗೊತ್ತಾಗುವವರೆಗೆ ಕಾಯಬೇಕು. ಅವಳು ಹಿಡಿದದ್ದು ಮೊದಲರ್ಧ ಮಾತ್ರ. “ಕ್ಷಯ ಅಲ್ಲ ಹೇಳಿ ಒಂದು ಚೀಟಿ ಬರ್ಕೊಡು ತಂಗಿ, ಅತ್ತೆ ಎದ್ರಿಗೆ ಓದ್ತಿ.”

ಚೀಟಿ ಕೊಡಲು ಕಲ್ಚರ್ ಬೇಕು, ಅಂದರೆ ಕಫದಲ್ಲಿರುವ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡಬೇಕು. ಕುಮಟಾದಲ್ಲಿ ಅದು ಆಗುವುದಿಲ್ಲ. ಮೈಕೋಬ್ಯಾಕ್ಟೀರಿಯಾ ಕಲ್ಚರ್‌ಗೆ ಬೇಕಾದ ಸುರಕ್ಷಿತ ಕೋಣೆ ದೊಡ್ಡ ಲ್ಯಾಬ್‌ಗಳಲ್ಲಿ ಮಾತ್ರ. ಎರಡು ಬೇರೆ ಬೇರೆ ದಿನದ ಕಫ, ಮೂರು ಪದರದ ಪ್ಯಾಕಿಂಗ್, ಐಸ್ ಜೆಲ್. ಇಲ್ಲಿ ಒಂದು ಸೂಕ್ಷ್ಮ ಇದೆ. ಕಫ ಕೊಡುವ ಮೊದಲು ಬಾಯಿ ಮುಕ್ಕಳಿಸಿ ಎಂದು ನಾವೇ ಹೇಳುತ್ತೇವೆ. ನಲ್ಲಿ ನೀರಿನಲ್ಲೇ ಈ ಕುಲದವರು ಇರುತ್ತಾರಲ್ಲ! ಗಾರ್ಡೋನೆ ಎಂಬ ಪ್ರಭೇದವಂತೂ ನಲ್ಲಿ ನೀರಿನಿಂದಲೇ ಕಲ್ಚರ್‌ಗೆ ನುಸುಳಿ ಲ್ಯಾಬ್‌ನವರನ್ನು ಸತಾಯಿಸುವುದಕ್ಕೆ ಹೆಸರುವಾಸಿ. ಅಕ್ಕನಿಗೆ ಕುದಿಸಿ ಆರಿಸಿದ ನೀರನ್ನೇ ಬಾಯಿಗೆ ಬಳಸು ಎಂದೆ. ಕವಳ ಎರಡು ದಿನ ಬಂದ್. ಅದಕ್ಕೆ ಅವಳು ಮಾಡಿದ ಮುಖವನ್ನು ಇಲ್ಲಿ ವರ್ಣಿಸುವುದಿಲ್ಲ.

ಎರಡು ಸ್ಯಾಂಪಲ್ ಯಾಕೆ ಎಂದರೆ, ಒಮ್ಮೆ ಬೆಳೆದದ್ದು ದಾರಿಹೋಕನೂ ಇರಬಹುದು. ಅಮೆರಿಕ ಮತ್ತು ಯುರೋಪಿನ ನಾಲ್ಕು ವೈದ್ಯಕೀಯ ಸಂಘಗಳು ಒಟ್ಟಾಗಿ 2020ರಲ್ಲಿ ಹೊರತಂದ ಮಾರ್ಗಸೂಚಿಯೇ ಈಗ ಎಲ್ಲರ ಆಧಾರ. ಅದರ ಪ್ರಕಾರ ಮೂರೂ ಕೂಡಿಬರಬೇಕು: ರೋಗಿಗೆ ತೊಂದರೆ ಇರಬೇಕು, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಅದಕ್ಕೆ ತಕ್ಕ ಬದಲಾವಣೆ ಇರಬೇಕು, ಎರಡು ಬೇರೆ ಕಫಗಳಲ್ಲಿ ಒಂದೇ ಪ್ರಭೇದ ಬೆಳೆಯಬೇಕು. ಬ್ರಾಂಕೋಸ್ಕೋಪಿ ಮಾಡಿ ಒಳಗಿನಿಂದ ತೊಳೆದು ತೆಗೆದ ದ್ರವವಾದರೆ ಒಮ್ಮೆ ಬೆಳೆದರೂ ನಡೆಯುತ್ತದೆ. ಜೊತೆಗೆ ಬೇರೆ ಕಾಯಿಲೆ ಅಲ್ಲ ಎಂಬುದು ಖಾತ್ರಿಯಾಗಬೇಕು. ನೀರಿನಲ್ಲಿ ಎಲ್ಲೆಲ್ಲೂ ಇರುವ ಜೀವಿಯಾದ್ದರಿಂದ ಇಷ್ಟು ಕಟ್ಟುನಿಟ್ಟು. ಕ್ಷಯದಲ್ಲಿ ಒಮ್ಮೆ ಬೆಳೆದರೂ ಕಥೆ ಮುಗಿಯಿತು, ಇಲ್ಲಿ ಹಾಗಲ್ಲ.

ಕಲ್ಚರ್ ಬೆಳೆಸುವ ಎಂಜಿಐಟಿ ಟ್ಯೂಬಿನ ತಳದಲ್ಲಿ ಒಂದು ಸಂವೇದಕ ಇರುತ್ತದೆ. ಕ್ರಿಮಿ ಬೆಳೆದು ಆಮ್ಲಜನಕ ತಿಂದಂತೆ ಅದು ಹೊಳೆಯುತ್ತದೆ. ನೆಗೆಟಿವ್ ಎಂದು ಹೇಳಬೇಕಾದರೆ 42 ದಿನ ಕಾಯಬೇಕು. ಅಕ್ಕನ ಎರಡೂ ಟ್ಯೂಬ್ ಎರಡು ವಾರದೊಳಗೇ ಹೊಳೆದವು. ಮುಂದಿನದು ಒಂದು ಪುಟ್ಟ ಸ್ಟ್ರಿಪ್, ಗರ್ಭಧಾರಣೆ ಪರೀಕ್ಷೆಯ ಸ್ಟ್ರಿಪ್ ಥರದ್ದೇ. ಕ್ಷಯದ ಗುಂಪು ಮಾತ್ರ ಸ್ರವಿಸುವ ಎಂಪಿಟಿ64 ಎಂಬ ಪ್ರೋಟೀನ್ ಇದ್ದರೆ ಎರಡನೆಯ ಗೆರೆ ಮೂಡುತ್ತದೆ. ಮೂಡಲಿಲ್ಲ. ಅಂದರೆ ಎನ್‌ಟಿಎಂ. ಇಷ್ಟಕ್ಕೇ ರಿಪೋರ್ಟ್ ಕೊಟ್ಟು ಕೈತೊಳೆದುಕೊಳ್ಳುವ ಲ್ಯಾಬ್‌ಗಳಿವೆ. ‘ಎನ್‌ಟಿಎಂ ಗ್ರೋನ್’ ಎಂದು ಒಂದು ಸಾಲು! ಅದು ಅರ್ಧ ರಿಪೋರ್ಟ್. ಯಾವ ಪ್ರಭೇದ ಎಂದು ಕೇಳಿ, ಹಣ ಹೆಚ್ಚು ಕೊಟ್ಟಾದರೂ ಮಾಡಿಸಿ. ಡಿಎನ್‌ಎ ಪಟ್ಟಿಯ ಲೈನ್ ಪ್ರೋಬ್, ಮಾಲ್ಡಿ-ಟಾಫ್, ಜೀನ್ ಸೀಕ್ವೆನ್ಸಿಂಗ್, ಯಾವುದೋ ಒಂದು ದಾರಿ ಇರುತ್ತದೆ. ಅಕ್ಕನದು ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲೇರ್ ಎಂದು ಬಂತು, ಎರಡರಲ್ಲೂ. ಮ್ಯಾಕ್ ಎಂದು ಕರೆಯುವ ಏವಿಯಂ ಬಳಗದ್ದು.

ಹೆಸರಿಗೆ ನಾನು ಇಷ್ಟು ಜೋತುಬೀಳುವುದು ಯಾಕೆಂದರೆ ಔಷಧವೆಲ್ಲ ಅದರ ಮೇಲೇ ನಿಂತಿದೆ. ಟಿಬಿಯ ನಾಲ್ಕು ಮಾತ್ರೆಯಲ್ಲಿ ಐಸೋನಿಯಜಿಡ್, ಪೈರಾಜಿನಮೈಡ್ ಎರಡೂ ಮ್ಯಾಕ್‌ಗೆ ಉಪಯೋಗಕ್ಕಿಲ್ಲ. ಕನ್ಸಾಸಿಯೈ ಆಗಿದ್ದರೆ ರಿಫಾಂಪಿಸಿನ್‌ಗೆ ಚೆನ್ನಾಗಿ ಬಗ್ಗುತ್ತದೆ, ಒಟ್ಟು ಹನ್ನೆರಡು ತಿಂಗಳಲ್ಲಿ ಮುಗಿಯುತ್ತದೆ. ಟಿಬಿ ಎಂದೇ ತಿಳಿದು ಔಷಧ ತೆಗೆದುಕೊಂಡು ಗುಣವಾದ ಕನ್ಸಾಸಿಯೈ ರೋಗಿಗಳೂ ಇರುತ್ತಾರೆ, ಅವರಿಗೆ ಗೊತ್ತೇ ಆಗುವುದಿಲ್ಲ. ಅಬ್ಸೆಸಸ್ ಎಂಬ ಇನ್ನೊಂದು ಪ್ರಭೇದ ಆಗಿದ್ದರೆ ಟಿಬಿಯ ಮಾತ್ರೆಗಳು ಯಾವುದಕ್ಕೂ ಅದು ಜಗ್ಗುವುದಿಲ್ಲ. ಅದಕ್ಕೆ ವಾರಗಟ್ಟಲೆ ನರಕ್ಕೆ ಅಮಿಕಾಸಿನ್, ಇಮಿಪೆನಂ, ಟೈಗಸೈಕ್ಲಿನ್‌ನಂಥ ಇಂಜೆಕ್ಷನ್, ಜೊತೆಗೆ ಕುಷ್ಠಕ್ಕೆ ಕೊಡುವ ಕ್ಲೋಫಜಿಮಿನ್. ಅದರಲ್ಲೂ ಒಂದು ಕಳ್ಳಾಟವಿದೆ. ಅಬ್ಸೆಸಸ್‌ನ ಕೆಲವು ತಳಿಗಳಲ್ಲಿ ಇಆರ್‌ಎಂ-41 ಎಂಬ ಜೀನ್ ಇರುತ್ತದೆ. ಕ್ಲಾರಿತ್ರೋಮೈಸಿನ್ ಎದುರಿಗೆ ಬಂದ ಮೇಲೆಯೇ ಅದು ಎಚ್ಚರಗೊಳ್ಳುವುದು. ಮೂರನೆಯ ದಿನ ಪ್ಲೇಟ್ ನೋಡಿದರೆ ಔಷಧ ಕೆಲಸ ಮಾಡುತ್ತಿದೆ ಎನಿಸುತ್ತದೆ. 14 ದಿನ ಬಿಟ್ಟು ನೋಡಿದರೆ ಕ್ರಿಮಿ ಆರಾಮಾಗಿ ಬೆಳೆದಿರುತ್ತದೆ. ಅದಕ್ಕೇ ಆ ಪ್ಲೇಟನ್ನು 14 ದಿನ ಇಡಬೇಕೆಂಬ ನಿಯಮ. ಲಗುಬಗೆಯ ರಿಪೋರ್ಟ್ ಕೇಳುವ ಡಾಕ್ಟರಿಗೂ ರೋಗಿಗೂ ಇದನ್ನು ವಿವರಿಸಿ ಹೇಳುವ ತಾಳ್ಮೆ ಟೆಕ್ನಿಶಿಯನ್‌ಗೆ ಇರಬೇಕು.

ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು, ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ದೊಡ್ಡ ಆಸ್ಪತ್ರೆಗೆ ಹೋದೆವು. ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಬಲಗಡೆಯ ಮಧ್ಯದ ಹಾಲೆ, ಎಡಗಡೆ ಅದಕ್ಕೆ ಸಮನಾದ ಲಿಂಗುಲಾ ಎಂಬ ಭಾಗ, ಎರಡರಲ್ಲೂ ಶ್ವಾಸನಾಳ ಅಗಲವಾಗಿತ್ತು, ಸುತ್ತ ಸಣ್ಣ ಸಣ್ಣ ಗಂಟು. ರೇಡಿಯಾಲಜಿಯವರು ‘ಟ್ರೀ ಇನ್ ಬಡ್’ ಎನ್ನುತ್ತಾರೆ. ಪರದೆಯ ಮೇಲೆ ನೋಡಿದರೆ ನಿಜಕ್ಕೂ ಚಿಗುರೊಡೆದ ಕೊಂಬೆ. ಶ್ವಾಸಕೋಶ ಕೊರೆದು ಆಗುವ ಟೊಳ್ಳು, ಅಂದರೆ ಗೂಡು, ಇರಲಿಲ್ಲ, ಅದೊಂದು ಪುಣ್ಯ. ಎತ್ತರ, ತೆಳ್ಳಗಿನ ಮೈ, ವಯಸ್ಸಾದ ಹೆಂಗಸು, ಬೀಡಿ ಸಿಗರೇಟಿಲ್ಲ, ಮಧ್ಯದ ಹಾಲೆ. ಮ್ಯಾಕ್ ಹೀಗೇ ಬರುತ್ತದೆ ಎಂದು ಪುಸ್ತಕದಲ್ಲಿ ಬರೆದ ಚಿತ್ರ ಅಕ್ಕನೇ ಎದ್ದು ಬಂದು ಕುಳಿತ ಹಾಗಿತ್ತು. ನಮ್ಮ ದೇಶದಲ್ಲಿ ಇನ್ನೊಂದು ದಾರಿಯೂ ಇದೆ, ಹಳೆಯ ಟಿಬಿ ಬಿಟ್ಟುಹೋದ ಗಾಯದ ಜಾಗದಲ್ಲಿ ಇವು ಬಂದು ಸೇರಿಕೊಳ್ಳುವುದು. ಅಂಥವರಿಗೆ ಕೆಮ್ಮು ಮರಳಿದಾಗ ಎಲ್ಲರೂ ‘ಟಿಬಿ ಮತ್ತೆ ಬಂತು’ ಎಂದೇ ಅಂದುಕೊಳ್ಳುತ್ತಾರೆ.

ಡಾಕ್ಟರು ಮಾಡಿದ ಮೊದಲ ಕೆಲಸ ನಿಲ್ಲಿಸುವುದು. ಟಿಬಿ ಮಾತ್ರೆ ನಿಂತಿತು. ಇನ್‌ಹೇಲರ್‌ನಲ್ಲಿದ್ದ ಸ್ಟಿರಾಯ್ಡ್ ನಿಂತಿತು. ಅದು ಈ ಸೋಂಕಿಗೆ ಅನುಕೂಲ ಮಾಡಿಕೊಡುತ್ತದಂತೆ, ಉಬ್ಬಸವಿಲ್ಲದ ಅಕ್ಕನಿಗೆ ಅದು ಬೇಕಾಗಿಯೂ ಇರಲಿಲ್ಲ. ಎರಡನೆಯ ಕೆಲಸ ಕಫ ಹೊರಗೆ ತರುವುದನ್ನು ಕಲಿಸುವುದು. ಶೇ. 3ರ ಉಪ್ಪುನೀರಿನ ನೆಬ್ಯುಲೈಸೇಶನ್, ಆಮೇಲೆ ದೀರ್ಘ ಉಸಿರು, ತಡೆಹಿಡಿದು, ಬಾಯಿ ತೆರೆದು ಕನ್ನಡಿಗೆ ಹಬೆ ಹಿಡಿಸುವಂತೆ ‘ಹಾ’ ಎಂದು ನೂಕುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನೆಬ್ಯುಲೈಸರ್ ಕಪ್ ತೊಳೆದು ಕುದಿಸಬೇಕು, ಹಳೇ ನೀರು ನಿಲ್ಲಬಾರದು. ದುಡ್ಡಿನ ಖರ್ಚಿಲ್ಲದ, ಯಾರೂ ಮನಸ್ಸಿಟ್ಟು ಮಾಡದ ಚಿಕಿತ್ಸೆ ಇದು. ಅಕ್ಕ ಮಾಡಿದಳು. ಕೊಟ್ಟಿಗೆ ಕೆಲಸ ಮುಗಿಸಿ ಜಗುಲಿಯಲ್ಲಿ ಕೂತು ‘ಹಾ’ ಎನ್ನುವಾಗ ಮೊಮ್ಮಗುವೂ ಎದುರು ಕೂತು ‘ಹಾ’ ಎನ್ನುತ್ತಿತ್ತು.

ಮ್ಯಾಕ್ ಇದೆ ಎಂದ ಕೂಡಲೇ ಎಲ್ಲರಿಗೂ ಮಾತ್ರೆ ಕೊಡಲೇಬೇಕು ಎಂದಿಲ್ಲ. ತೊಂದರೆ ಕಡಿಮೆ, ಗೂಡಿಲ್ಲ, ಸ್ಲೈಡ್ ನೆಗೆಟಿವ್ ಎಂದಾದರೆ ಕೆಲವರನ್ನು ಬರಿಯ ಕಫದ ವ್ಯಾಯಾಮದ ಮೇಲೆ ಇಟ್ಟು, ಆಗಾಗ ಕಲ್ಚರ್ ಮಾಡಿಸುತ್ತ ಕಾಯುತ್ತಾರೆ. ಇದು ನಮ್ಮ ಜನಕ್ಕೆ ಅರ್ಥವಾಗುವುದು ಕಷ್ಟ. ರೋಗದ ಹೆಸರು ಹೇಳಿ, ಔಷಧ ಬೇಡ ಎಂದು ಕಳಿಸಿದರೆ ‘ಆ ಡಾಕ್ಟರಿಗೆ ಗೊತ್ತಿಲ್ಲ’ ಎಂದು ಬೇರೆ ಬಾಗಿಲು ಬಡಿಯುತ್ತಾರೆ. ಮಾತ್ರೆಯೂ ಸಣ್ಣದಲ್ಲವಲ್ಲ, ಒಂದೂವರೆ ವರ್ಷದ ಮೂರು ಔಷಧ, ಹೊಟ್ಟೆ, ಕಣ್ಣು, ಕಿವಿ, ಲಿವರ್ ಎಲ್ಲದರ ಮೇಲೂ ಕಣ್ಣಿಡಬೇಕು. ಅಕ್ಕನ ವಿಷಯದಲ್ಲಿ ಸ್ಲೈಡೇ 2+, ತೂಕ ಇಳಿಯುತ್ತಿದೆ, ಹಾಗಾಗಿ ಶುರು ಮಾಡುವುದೇ ಸರಿ ಎಂದರು. ಶುರು ಮಾಡುವ ಮೊದಲು ಒಂದು ಟೆಸ್ಟ್ ಬಾಕಿ ಇತ್ತು, ಆ ಕ್ರಿಮಿ ಮ್ಯಾಕ್ರೋಲೈಡ್‌ಗೆ, ಅಂದರೆ ಅಜಿತ್ರೋಮೈಸಿನ್ ಗುಂಪಿನ ಔಷಧಕ್ಕೆ, ಇನ್ನೂ ಬಗ್ಗುತ್ತದೆಯೇ?

ಅಜಿತ್ರೋಮೈಸಿನ್ ಮಾತಿಗೆ ಈಗ ಬಂದೆ. ಮ್ಯಾಕ್ ಚಿಕಿತ್ಸೆಯ ಬೆನ್ನೆಲುಬು ಅಂದರೆ ಅಜಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್. ಉಳಿದ ಎರಡು ಔಷಧ ಇರುವುದೇ ಅದನ್ನು ಕಾಯುವುದಕ್ಕೆ. ಮ್ಯಾಕ್ ಇರುವ ಎದೆಗೆ ಅದೊಂದನ್ನೇ ಕೊಡುತ್ತ ಹೋದರೆ, ಅದಕ್ಕೆ ಬಗ್ಗದ ಕೆಲವೇ ಕ್ರಿಮಿಗಳು ಉಳಿದು ಬೆಳೆಯುತ್ತವೆ. ಒಮ್ಮೆ ಹಾಗಾದರೆ ಗುಣವಾಗುವ ಸಾಧ್ಯತೆ ತೀರಾ ಕುಗ್ಗುತ್ತದೆ. ಶ್ವಾಸನಾಳ ಅಗಲವಾದ ರೋಗಿಗೆ ಸೋಂಕು ತಡೆಯಲೆಂದು ತಿಂಗಳುಗಟ್ಟಲೆ ಅಜಿತ್ರೋಮೈಸಿನ್ ಕೊಡುವ ಪದ್ಧತಿ ಇದೆ, ಒಳ್ಳೆಯದೇ. ಆದರೆ ಮೊದಲು ಎನ್‌ಟಿಎಂ ಕಲ್ಚರ್ ಮಾಡಿಸಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಡಬೇಕು. ನಮ್ಮಲ್ಲೋ, ಗಂಟಲು ಕೆರೆದರೆ ಅಜಿತ್ರೋ, ಮೂಗು ಸೋರಿದರೆ ಅಜಿತ್ರೋ. ಚೀಟಿ ಇಲ್ಲದೆ ‘ಆ ಮೂರು ಮಾತ್ರೆಯದ್ದು ಕೊಡಿ’ ಎಂದರೆ ಸಿಗುತ್ತದೆ. ಅಕ್ಕ ಎಷ್ಟು ಸ್ಟ್ರಿಪ್ ನುಂಗಿದ್ದಳೋ ಅವಳಿಗೇ ಲೆಕ್ಕವಿಲ್ಲ. ಅವಳ ಕ್ರಿಮಿ ಇನ್ನೂ ಬಗ್ಗುತ್ತದೆ ಎಂದು ರಿಪೋರ್ಟ್ ಬಂದ ದಿನ ಭಾವ ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸಿ ಬಂದರು. ನಾನು ಏನೂ ಮಾಡಿಸಲಿಲ್ಲ, ಆದರೆ ಅವತ್ತು ನಿದ್ದೆ ಬಂತು.

ಗೂಡಿಲ್ಲದ ಮ್ಯಾಕ್‌ಗೆ ವಾರಕ್ಕೆ ಮೂರು ದಿನ ಸಾಕು: ಸೋಮ, ಬುಧ, ಶುಕ್ರ. ಅಜಿತ್ರೋಮೈಸಿನ್ 500 ಮಿಲಿಗ್ರಾಂ, ತೂಕಕ್ಕೆ ತಕ್ಕ ರಿಫಾಂಪಿಸಿನ್, ಕಿಲೋಗೆ 25 ಮಿಲಿಗ್ರಾಂ ಲೆಕ್ಕದಲ್ಲಿ ಇಥಾಂಬುಟಾಲ್. ಗೂಡು ಬಿದ್ದಿದ್ದರೆ ದಿನಾ ಮಾತ್ರೆ, ಮೊದಲ ಎರಡು ಮೂರು ತಿಂಗಳು ಅಮಿಕಾಸಿನ್ ಇಂಜೆಕ್ಷನ್ ಕೂಡ. ಅಮಿಕಾಸಿನ್ ಕಿವಿಯನ್ನೂ ಕಿಡ್ನಿಯನ್ನೂ ಕಾಡುತ್ತದೆ. ಕ್ಲಾರಿತ್ರೋಮೈಸಿನ್ ಬಿಟ್ಟು ಅಜಿತ್ರೋಮೈಸಿನ್ ಆರಿಸಿದ್ದಕ್ಕೂ ಕಾರಣ ಇದೆ. ರಿಫಾಂಪಿಸಿನ್ ಮೈಯಲ್ಲಿ ಕ್ಲಾರಿತ್ರೋಮೈಸಿನ್ ಮಟ್ಟವನ್ನು ತುಂಬ ಇಳಿಸುತ್ತದೆ, ಅಜಿತ್ರೋಮೈಸಿನ್‌ನ್ನು ಅಷ್ಟಿಲ್ಲ. ಇದೇ ರಿಫಾಂಪಿಸಿನ್ ಅಕ್ಕನ ಥೈರಾಯ್ಡ್ ಮಾತ್ರೆಯನ್ನೂ ಬೇಗ ಕರಗಿಸಿಬಿಟ್ಟಿತು. ಥೈರಾಯ್ಡ್ ಕಡಿಮೆಯಾದಾಗ ಏರುವ ಟಿಎಸ್‌ಎಚ್ ಏರಿದ್ದು ಮೊದಲು ಕಂಡದ್ದು ನನ್ನ ಯಂತ್ರದಲ್ಲೇ. ಡೋಸ್ ಹೆಚ್ಚಿಸಿದರು.

ಟಿಬಿ ಆಗಿದ್ದಾಗ ಮಾತ್ರೆ ಪುಕ್ಕಟೆ ಬರುತ್ತಿತ್ತು. ಈಗ ಅಂಗಡಿಯಿಂದ. ರಿಫಾಂಪಿಸಿನ್ ಒಂಟಿಯಾಗಿ ಸುಲಭಕ್ಕೆ ಸಿಗಲಿಲ್ಲ, ಐಸೋನಿಯಜಿಡ್ ಜೊತೆ ಸೇರಿಸಿದ್ದನ್ನೇ ಎದುರಿಗಿಟ್ಟರು. ‘ಅದೇ ಇದು, ಇನ್ನೂ ಒಳ್ಳೇದು’ ಎಂದರಂತೆ. ಭಾವ ಫೋನ್ ಮಾಡಿ ಕೇಳಿದ್ದು ಒಳ್ಳೆಯದಾಯಿತು. ತರಿಸಿಕೊಟ್ಟರು, ಮೂರು ದಿನ ಹಿಡಿಯಿತು. ಟಿಬಿಗೆ ಬಳಸುವ ಔಷಧಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರೆಯುತ್ತ ‘ಟಿಬಿಯಾ?’ ಎಂದು ಎಲ್ಲರೆದುರು ಕೇಳಿದರೆ ಮುಗಿಯಿತು, ಸಂಜೆಯೊಳಗೆ ಊರು ಮುಟ್ಟುತ್ತದೆ. ಭಾವ ಲ್ಯಾಬ್ ರಿಪೋರ್ಟಿನ ಝೆರಾಕ್ಸ್ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ನಿಕ್ಷಯ್‌ನ ಹೆಸರು ಮುಚ್ಚಿಸುವುದಕ್ಕೂ ಅದೇ ಝೆರಾಕ್ಸ್ ಕೆಲಸಕ್ಕೆ ಬಂತು.

ಇಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಡಬಹುದು. ಬೇಗ ಹಿಡಿದು ನಿಲ್ಲಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ, ತಡವಾದರೆ ಇಲ್ಲ. ಕೆಂಪು-ಹಸಿರು ಬಣ್ಣ ಮಸುಕಾಗುವುದು ಮೊದಲ ಸೂಚನೆಗಳಲ್ಲೊಂದು. ಕಣ್ಣಿನ ಡಾಕ್ಟರಲ್ಲಿ ಚುಕ್ಕಿಗಳ ಇಶಿಹಾರ ಪುಸ್ತಕ ಓದಿಸಿದರು, ಅಕ್ಷರದ ಚಾರ್ಟ್ ಓದಿಸಿದರು, ಅದು ಆಗಾಗ. ನಡುವಿನ ದಿನಗಳಿಗೆ ಅಕ್ಕ ತನ್ನದೇ ವ್ಯವಸ್ಥೆ ಮಾಡಿಕೊಂಡಿದ್ದಾಳೆ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಎದುರು ನಿಂತು, ಎಡಗಣ್ಣು ಅಂಗೈಯಲ್ಲಿ ಮುಚ್ಚಿ, ತಿಥಿ ನಕ್ಷತ್ರದ ಸಣ್ಣ ಅಕ್ಷರ ಓದುತ್ತಾಳೆ. ರವಿವಾರದ ಕೆಂಪು ಅಂಕಿ ನಿನ್ನೆಯಷ್ಟೇ ಕೆಂಪೋ ನೋಡುತ್ತಾಳೆ. ಆಮೇಲೆ ಬಲಗಣ್ಣು ಮುಚ್ಚಿ ಮತ್ತೆ. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತದೆ ಎಂದು ಡಾಕ್ಟರು ಹೇಳಿದ್ದು ಅವಳ ತಲೆಯಲ್ಲಿ ಕೂತಿದೆ. ಮಾತ್ರೆಯ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುವುದಕ್ಕೆ ಅವಳು ಹೆದರಲಿಲ್ಲ. ಅಜಿತ್ರೋಮೈಸಿನ್ ದಿನದ ಹೊಟ್ಟೆ ತೊಳಸುವಿಕೆಗೇ ಅವಳ ಬೈಗುಳ ಎಲ್ಲ. ಅವತ್ತು ಊಟ ಅಂದರೆ ಅನ್ನ, ಒಂದೆಲಗದ ತಂಬುಳಿ, ಅಷ್ಟೇ.

ಎಲ್ಲಿಂದ ಬಂತು ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಮ್ಯಾಕ್ ಹರಡುವುದಿಲ್ಲ. ತಟ್ಟೆ, ಲೋಟ ಒಂದಾದವು. ಅಕ್ಕನ ಮನೆಗೆ ನೀರು ಬೆಟ್ಟದ ಅಬ್ಬಿಯಿಂದ, ಕಪ್ಪು ಪೈಪಿನಲ್ಲಿ, ಟ್ಯಾಂಕಿಗೆ. ಹೊಸ ಬಚ್ಚಲು ಕಟ್ಟಿಸುವಾಗ ಗೀಸರ್, ಶವರ್ ಎಲ್ಲ ಬಂದಿತ್ತು. ಈ ಕ್ರಿಮಿಗಳಿಗೆ ಕ್ಲೋರಿನ್ ಅಷ್ಟಾಗಿ ನಾಟುವುದಿಲ್ಲ, ಪೈಪಿನ ಲೋಳೆ ಒಳ್ಳೇ ಮನೆ, ಶವರ್‌ನ ಸಣ್ಣ ತೂತುಗಳಿಂದ ಹನಿಹನಿಯಾಗಿ ಎದೆಗೆ ಹೋಗಲು ಸಲೀಸು. ಇಲ್ಲಾ, ದರಕು (ಉದುರಿ ಒಣಗಿದ ಎಲೆ), ಗೊಬ್ಬರ ಕೆದಕುವಾಗಿನ ದೂಳೂ ಆಗಿರಬಹುದು. ಇಂಥದ್ದೇ ಎಂದು ತೋರಿಸಬೇಕಾದರೆ ಆ ನೀರನ್ನೂ ಮಣ್ಣನ್ನೂ ಕಲ್ಚರ್ ಮಾಡಿ ಜೀನ್ ಹೋಲಿಸಬೇಕು, ನಾವು ಮಾಡಿಸಲಿಲ್ಲ. ಅದೇ ನೀರು, ಅದೇ ಗೊಬ್ಬರ ಭಾವನಿಗೂ ಇದೆ, ಅವರು ಕಲ್ಲುಗುಂಡು. ಹಾಗಾಗಿ ನೀರಿಗೆ ಹೆದರಿ ಕೂರುವುದರಲ್ಲಿ ಅರ್ಥವಿಲ್ಲ ಎಂದು ನನ್ನ ಅಭಿಪ್ರಾಯ. ಶವರ್ ತೆಗೆಸಿದರು. ಅಕ್ಕ ಹಳೇ ಬಚ್ಚಲಿನ ಹಂಡೆಗೆ ಮರಳಿದಳು, ಒಲೆಗೆ ಸೋಗೆ ಹಾಕಿ ಚೆನ್ನಾಗಿ ಕಾಯಿಸಿದ ನೀರು, ತಂಬಿಗೆಯಲ್ಲಿ ಸ್ನಾನ. ಗೊಬ್ಬರ ತೆಗೆಯುವಾಗ ನೀರು ಚಿಮುಕಿಸಿ ಮಾಸ್ಕ್ ಹಾಕುತ್ತಾಳೆ.

ದಕ್ಷಿಣ ಭಾರತದ ಮಣ್ಣು ನೀರಿನಲ್ಲಿ ಇವು ತುಂಬಿರುವುದಕ್ಕೆ ಒಂದು ಹಳೆಯ ಕಥೆಯೂ ಇದೆ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟುವಿನಲ್ಲಿ ಬಿಸಿಜಿ ಲಸಿಕೆಯ ದೊಡ್ಡ ಪ್ರಯೋಗ ಶುರುವಾಯಿತು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಅದು ತಡೆಯಲಿಲ್ಲ. ಯಾಕೆ ಎಂಬುದಕ್ಕೆ ಕೊಟ್ಟ ವಿವರಣೆಗಳಲ್ಲಿ ಒಂದು, ಅಲ್ಲಿನ ಜನರ ಮೈ ಮೊದಲೇ ಈ ಪರಿಸರದ ಮೈಕೋಬ್ಯಾಕ್ಟೀರಿಯಾಗಳಿಗೆ ಒಗ್ಗಿಹೋಗಿತ್ತು, ಲಸಿಕೆಗೆ ಹೊಸದಾಗಿ ಕಲಿಸಲು ಏನೂ ಉಳಿದಿರಲಿಲ್ಲ ಎಂಬುದು. ನಾನು ಕೋರ್ಸ್ ಮಾಡುವಾಗ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ.

ಈಗ ಎಲ್ಲಿಗೆ ಬಂದಿದೆ ಅಂದರೆ, ತಿಂಗಳು ತಿಂಗಳು ಕಫ ಕಲ್ಚರ್‌ಗೆ ಹೋಗುತ್ತದೆ. ತಿಂಗಳ ಅಂತರದಲ್ಲಿ ಸಾಲಾಗಿ ಮೂರು ನೆಗೆಟಿವ್ ಬಂದರೆ ಕ್ರಿಮಿ ಹೋಯಿತು ಎಂದು ಲೆಕ್ಕ. ಆ ಮೂರರಲ್ಲಿ ಮೊದಲನೆಯದರ ತಾರೀಖಿನಿಂದ ಎಣಿಸಿ ಇನ್ನೂ ಹನ್ನೆರಡು ತಿಂಗಳು ಮಾತ್ರೆ. ಎರಡು ಬಂದಿವೆ, ಮೂರನೆಯದು ಇನ್‌ಕ್ಯುಬೇಟರ್‌ನಲ್ಲಿದೆ. ಕಫ ಈಗ ಸಿಗುವುದೇ ಕಷ್ಟ. ಉಪ್ಪುನೀರಿನ ನೆಬ್ಯುಲೈಸೇಶನ್ ಆದ ಮೇಲೆ ಬಂದದ್ದನ್ನೇ ಭಾವ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ತಾವೇ ತಂದುಕೊಡುತ್ತಾರೆ. ಘಟ್ಟ ಮುಚ್ಚಿದಾಗ ಸುತ್ತುಹಾಕಿ ಬರುತ್ತಾರೆ. ಆರು ತಿಂಗಳು ಮಾತ್ರೆ ತಿಂದೂ ಬೆಳೆಯುತ್ತಲೇ ಇದ್ದರೆ ಮುಂದಿನ ಮೆಟ್ಟಿಲು ಉಸಿರಿನ ಮೂಲಕ ಕೊಡುವ ಲೈಪೋಸೋಮಲ್ ಅಮಿಕಾಸಿನ್. 2018ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಸದ್ಯಕ್ಕೆ ನಮಗೆ ಆ ದಾರಿ ಹುಡುಕುವ ಪ್ರಸಂಗ ಬಂದಿಲ್ಲ. ಗುಣವಾದ ಮೇಲೂ ಇದು ಮರಳಬಹುದು, ಹಲವು ಸಲ ಪರಿಸರದಿಂದ ಬಂದ ಹೊಸ ತಳಿಯೇ ಆಗಿರುತ್ತದೆ, ಅದಕ್ಕೇ ‘ಹಾ’ ವ್ಯಾಯಾಮ ಬಿಡಬೇಡಿ ಎಂದಿದ್ದಾರೆ.

ತೂಕ 44 ಆಗಿದೆ. ಕಳೆದ ಸಲ ಬಂದಾಗ ಅಕ್ಕ ಕೇಳಿದ್ದು ಕಲ್ಚರ್ ಬಗ್ಗೆ ಅಲ್ಲ. ಈ ಸಲ ದರಕು ಒಟ್ಟುಮಾಡಲು ಬೆಟ್ಟಕ್ಕೆ ಹೋಗಬಹುದೋ ಇಲ್ಲವೋ ಎಂದು. ಡಾಕ್ಟರನ್ನೇ ಕೇಳು ಎಂದೆ. “ಕೇಳಿದ್ದಿ. ಮಾಸ್ಕ್ ಹಾಕ್ಯಂಡು ಹೋಗಲಕ್ಕು ಹೇಳಿದ್ದ” ಎಂದಳು. ಮತ್ತೆ ನನ್ನನ್ನು ಕೇಳಿದ್ದು ಯಾಕೆ ಎಂದರೆ, ಭಾವ ಒಪ್ಪುತ್ತಿಲ್ಲವಂತೆ, ನಾನು ಒಂದು ಚೀಟಿ ಬರೆದುಕೊಡಬೇಕಂತೆ.